ಓತಿಕ್ಯಾತ ತಲೆಯಾಡಿಸುವುದೇಕೆ?

ಭೀಮಾ ನದಿಯ ದಂಡೆಯಲ್ಲಿ ಹಾಳುಬಿದ್ದ ಒಂದು ಬುದ್ಧನ ಗುಡಿ. ಗೋಡೆಯಿಲ್ಲ, ಚಾವಣಿಯಿಲ್ಲ, ಕಲ್ಲುಗಳಷ್ಟೇ. ಅದನ್ನು ನೋಡಲು ನಂದಾ ತನ್ನ ಅಜ್ಜ ಮುತ್ಯಾನ ಕೈಹಿಡಿದು ಬಂದಿದ್ದಳು. ಕಲ್ಲಿನ ಮೇಲೊಂದು ಓತಿಕ್ಯಾತ ಅವಳನ್ನೇ ನೋಡುತ್ತ ತಲೆಯಾಡಿಸಿತು. ಅಣಕಿಸುತ್ತಿದೆ ಎಂದು ನಂದಾಳಿಗೆ ಸಿಟ್ಟು ಬಂತು. ಹೊಡೆಯಲು ಕಲ್ಲೆತ್ತಿದಳು.

"ಕಲ್ಲು ಕೆಳಗ ಇಡು ಯವ್ವಾ. ಅದು ಅಣಕಸ್ಲತ್ತಿಲ್ಲ," ಎಂದ ಮುತ್ಯಾ. ನೆರಳಿಗೆ ಕುಳಿತು ಕತೆ ತೆಗೆದ.

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ. ಪ್ರಾಣಿಗಳಿಗೆಲ್ಲ ಒಂದು ಚೀಲದಿಂದ ದನಿ ಹಂಚುತ್ತಿದ್ದರಂತೆ. ಕೋಗಿಲೆಗೆ ಸಿಕ್ಕಿತು, ಕಪ್ಪೆಗೆ ಸಿಕ್ಕಿತು, ಗೋಡೆಯ ಹಲ್ಲಿಗೂ ಲೊಚಗುಟ್ಟುವಷ್ಟು ಸಿಕ್ಕಿತು. ಓತಿಕ್ಯಾತ ಮಾತ್ರ ಬಿಸಿಲು ಕಾಯಿಸುತ್ತ ಮೈಮರೆತಿತ್ತು. ಎದ್ದು ಹೋಗುವಷ್ಟರಲ್ಲಿ ಚೀಲ ಬರಿದಾಗಿತ್ತು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು. ಇದು ಬಾಯಿದ್ದೂ ಮೂಕವಾಯಿತು.

ಎಷ್ಟೋ ಕಾಲ ಕಳೆದು ಈ ಗುಡಿ ಎದ್ದಿತು. ಒಂದು ಚಳಿಗಾಲದ ಬೆಳಿಗ್ಗೆ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಓತಿಕ್ಯಾತವನ್ನು ಹದ್ದು ಬೆನ್ನಟ್ಟಿತು. ಚಳಿಗೆ ಮೈ ಸೆಟೆದು ಅದಕ್ಕೆ ಓಡಲಾಗಲಿಲ್ಲ. ಕಾಪಾಡಿ ಎಂದು ನದಿಯನ್ನೂ ಕಲ್ಲನ್ನೂ ಕಣ್ಣಲ್ಲೇ ಬೇಡಿಕೊಂಡಿತು.

"ನಾನು ಹರಿಯುವವಳು, ನಿಲ್ಲಲಾರೆ," ಎಂದಳು ಭೀಮೆ.

"ಬೆಚ್ಚಗಿಡಬಲ್ಲೆ, ಮುಚ್ಚಿಡಲಾರೆ," ಎಂದಿತು ಕಲ್ಲು.

ಅಷ್ಟರಲ್ಲಿ ಮುದುಕಿ ಭಿಕ್ಷುಣಿಯೊಬ್ಬಳು ಊರಲ್ಲಿ ಭಿಕ್ಷೆ ಮುಗಿಸಿ ಗುಡಿಗೆ ಮರಳುತ್ತಿದ್ದಳು. ದಿನಕ್ಕೊಂದೇ ಊಟ ಅವಳದು, ಅದೂ ಆ ಪಾತ್ರೆಯಲ್ಲಿದ್ದದ್ದೇ. ಅನ್ನವನ್ನೆಲ್ಲ ಹದ್ದಿನ ಮುಂದೆ ಸುರಿದು, ಬರಿದಾದ ಪಾತ್ರೆಯನ್ನು ಓತಿಕ್ಯಾತದ ಮೇಲೆ ಬೋರಲು ಹಾಕಿದಳು. ಹದ್ದು ಉಂಡು ಹಾರಿಹೋಯಿತು. ಅವಳಿಗೆ ಅಂದು ಉಪವಾಸ.

ಪಾತ್ರೆ ಎತ್ತಿದಾಗ ಜೀವ ಉಳಿದಿತ್ತು, ಮೊಟ್ಟೆಗಳೂ ಉಳಿದಿದ್ದವು. ಓತಿಕ್ಯಾತದ ಎದೆ ತುಂಬಿ ಬಂತು, ಹೇಳಲು ದನಿಯಿಲ್ಲ. ಆಗ ಒಂದು ನೆನಪಾಯಿತು. ಪಾತ್ರೆಗೆ ಭಿಕ್ಷೆ ಬಿದ್ದಾಗ ಈ ಮುದುಕಿಯೂ ಮಾತಾಡುವುದಿಲ್ಲ, ಸುಮ್ಮನೆ ತಲೆ ಬಾಗಿಸುತ್ತಾಳೆ. ಅದನ್ನು ಅದು ಬೇಲಿಯ ಮೇಲಿಂದ ದಿನಾ ನೋಡಿತ್ತು.

ಓತಿಕ್ಯಾತ ತಲೆ ಬಾಗಿಸಿತು. ಸಾಲದೆನಿಸಿ ಮತ್ತೆ ಬಾಗಿಸಿತು. ಇನ್ನೂ ಸಾಲದೆನಿಸಿ ಮತ್ತೆ ಬಾಗಿಸಿತು.

"ತಿಳೀತು ತಾಯಿ, ಸಾಕು," ಎಂದಳು ಭಿಕ್ಷುಣಿ.

ಮುಂದೆ ಭಿಕ್ಷುಣಿ ಹೋದಳು, ಗುಡಿಯೂ ಬಿತ್ತು. ಆ ಮೊಟ್ಟೆಗಳಿಂದ ಬಂದ ಮಕ್ಕಳು ಮೊಮ್ಮಕ್ಕಳು ಮಾತ್ರ ಈ ಕಲ್ಲು ಬಿಟ್ಟು ಕದಲಲಿಲ್ಲ.

ನಂದಾ ಕೈಯಲ್ಲಿದ್ದ ಕಲ್ಲನ್ನು ಮೊದಲಿದ್ದಲ್ಲೇ ಇಟ್ಟಳು. ನಾಚಿಕೊಂಡು ತಾನೂ ಓತಿಕ್ಯಾತಕ್ಕೆ ಒಮ್ಮೆ ತಲೆ ಬಾಗಿಸಿದಳು.

ಬಂದವರಲ್ಲಿ ಆ ಮುದುಕಿ ಯಾರೆಂದು ಈ ಓತಿಕ್ಯಾತಗಳಿಗೇನು ಗೊತ್ತು? ಅದಕ್ಕೇ ಇಂದಿಗೂ ಯಾರೇ ಎದುರಾಗಲಿ, ಬಿಸಿಲುಗಲ್ಲಿನ ಮೇಲೆ ಕೂತ ಓತಿಕ್ಯಾತ ಮೊದಲು ತಲೆ ಬಾಗಿಸುತ್ತದೆ.