ಸಾವಿರ ಕುರಿಯ ಬೊಮ್ಮಕ್ಕ

ಒಂದಾನೊಂದು ಕಾಲದಲ್ಲಿ, ಅಂದ್ರೆ ಗುಡ್ಡಗಳಿಗೆ ಇನ್ನೂ ಯಾರೂ ತಂತಿ ಬೇಲಿ ಹಾಕದೆ ಇದ್ದ ಕಾಲದಲ್ಲಿ, ಒಂದು ಕುರಿಹಟ್ಟಿ ಇತ್ತಂತೆ. ಹಟ್ಟಿ ಅಂದ್ರೆ ಕುರಿ ಸಾಕೋರ ಊರು ಪುಟ್ಟಿ, ಅಲ್ಲಿ ಮನೆಗಿಂತ ಕುರಿದೊಡ್ಡಿಗಳೇ ಜಾಸ್ತಿ, ಮನುಷ್ಯರ ಮಾತಿಗಿಂತ ಬ್ಯಾ ಬ್ಯಾ ಅನ್ನೋದೇ ಜಾಸ್ತಿ. ಸರಿಯಾಗಿ ಹೊದ್ದುಕೋ, ಕಾಲು ಹೊರಗೆ ಬಿಡಬೇಡ. ಆ ಹಟ್ಟೀಲಿ ಪಾಲಯ್ಯ ಅಂತ ಒಬ್ಬ ಇದ್ದನಂತೆ, ಅವನಿಗೆ ಮೂರು ಜನ ಮಕ್ಕಳಂತೆ. ದೊಡ್ಡವನು ಚಿತ್ರಯ್ಯ, ನಡುವಿನವನು ಕಾಟಯ್ಯ, ಕೊನೆಯವಳು ಬೊಮ್ಮಕ್ಕ. ಪಾಲಯ್ಯನಿಗೆ ವಯಸ್ಸಾಯ್ತು, ಮಂಡಿ ನೋವು ಶುರುವಾಯ್ತು, ಆಮೇಲೆ ಇನ್ನು ಹಿಂಡು ಹಂಚಿಬಿಡೋಣ ಅಂತ ಮಕ್ಕಳನ್ನ ದೊಡ್ಡಿಗೆ ಕರೆದು, ಈ ಕಡೆ ಇರೋದೆಲ್ಲ ದೊಡ್ಡವನಿಗೆ, ಆ ಕಡೆ ಇರೋದೆಲ್ಲ ನಡುವಿನವನಿಗೆ ಅಂದನಂತೆ. ಬೊಮ್ಮಕ್ಕ ಅಲ್ಲೇ ನಿಂತಿದ್ದಳಂತೆ. ಅಪ್ಪಾ, ನಂಗೆ? ಅಂದಳಂತೆ. ಅಯ್ಯೋ ಹೌದಲ್ಲ, ನಿನ್ನ ಮರೆತೇಬಿಟ್ಟಿದ್ದೆ ನೋಡು, ಅಂತ ಅವಳಪ್ಪ ನಗ್ತಾ ಒಂದು ಕುಂಟು ಹೆಣ್ಣುಮರಿ ಎತ್ತಿ ಅವಳ ಸೆರಗಿಗೆ ಹಾಕಿದನಂತೆ.

ಮರೆತೇಬಿಟ್ಟಿದ್ದನಂತೆ! ಕತ್ತಲಲ್ಲಿ ಮರಿ ಕೂಗಿದ್ರೆ ಇದು ಯಾವ ಕುರಿ ಮರಿ, ಅದರ ತಾಯಿ ಯಾವುದು, ಅಜ್ಜಿ ಯಾವುದು ಅಂತ ಹೇಳೋ ಮನುಷ್ಯನಿಗೆ ಎದುರಿಗೆ ನಿಂತ ಮಗಳು ಮರೆತುಹೋಗಿದ್ದಳಂತೆ. ನಂಗೆ ಈ ಜಾಗ ಬಂದಾಗಲೆಲ್ಲ ಮೈ ಉರಿಯುತ್ತೆ. ಇರಲಿ, ಕೇಳು.

ಆಮೇಲೆ ಬೊಮ್ಮಕ್ಕನ್ನ ಅದೇ ಹಟ್ಟೀಲಿ ಕಂಬಳಿ ನೇಯೋ ಗುಂಡಯ್ಯನಿಗೆ ಕೊಟ್ಟು ಮದುವೆ ಮಾಡಿದರಂತೆ. ಗುಂಡಯ್ಯ ಒಳ್ಳೆಯವನು, ಆದ್ರೆ ಅವನ ಮನೇಲಿ ಮಗ್ಗ ಬಿಟ್ಟರೆ ಏನೂ ಇಲ್ಲ, ದೊಡ್ಡಿ ಇಲ್ಲ, ಒಂದು ಕುರಿ ಇಲ್ಲ. ಒಂದು ದಿನ ಅವನು ಮಗ್ಗದ ಮೇಲೆ ಕರಿ ಕಂಬಳಿ ನೇಯ್ತಾ ಕೂತಿದ್ದಾಗ, ಇದು ಯಾರಿಗೆ ಇಷ್ಟು ಚೆನ್ನಾಗಿ ನೇಯ್ತಿದ್ದೀಯ ಅಂತ ಬೊಮ್ಮಕ್ಕ ಕೇಳಿದಳಂತೆ. ಯಾರಿಗೂ ಅಲ್ಲ, ಇದು ಸಾವಿರದ ಕಂಬಳಿ, ಹಳೇದು ನುಸಿ ತಿಂದಿತ್ತು, ಅದಕ್ಕೆ ಹೊಸದು ಅಂದನಂತೆ. ಆ ಹಟ್ಟೀಲಿ ಯಾರ ಹಿಂಡು ಸಾವಿರ ಮುಟ್ಟುತ್ತೋ ಅವರನ್ನ ಕಟ್ಟೆ ಮೇಲೆ ಆ ಕಂಬಳಿ ಹಾಸಿ ಕೂರಿಸೋರಂತೆ. ಆಮೇಲೆ ಯಾವ ಹಿಂಡು ಯಾವ ಗುಡ್ಡಕ್ಕೆ ಮೇಯೋಕೆ ಹೋಗಬೇಕು, ಯಾರು ಮೊದಲು ಹಳ್ಳದ ನೀರಿಗೆ ಇಳಿಬೇಕು, ಎಲ್ಲ ಅವರು ಹೇಳಿದಂಗೆ. ಅಷ್ಟು ಕುರಿ ಆದೋರು ಯಾರೂ ಇರದೆ ಕಂಬಳಿ ಸುಮ್ಮನೆ ಪೆಟ್ಟಿಗೇಲಿ ಬಿದ್ದಿರ್ತಿತ್ತಂತೆ, ಯಜಮಾನ ಬೋರಯ್ಯ ಅನ್ನೋನೇ ಎಲ್ಲ ತೀರ್ಮಾನ ಮಾಡೋನಂತೆ, ಒಳ್ಳೇ ಹುಲ್ಲಿನ ಗುಡ್ಡ ಯಾವಾಗಲೂ ಅವನ ಹಿಂಡಿಗೇ ಬೀಳ್ತಿತ್ತಂತೆ. ಬೊಮ್ಮಕ್ಕ ಕಂಬಳಿ ಮೇಲೆ ಕೈಯಾಡಿಸಿ, ನಾನು ಇದರ ಮೇಲೆ ಕೂತ್ಕೋತೀನಿ ಅಂದಳಂತೆ. ಗುಂಡಯ್ಯ ತಲೆ ಎತ್ತದೆ, ಕೂತ್ಕೋ, ಒಂದು ಇದೆಯಲ್ಲ, ಇನ್ನೊಂದು ಒಂಬೈನೂರ ತೊಂಬತ್ತೊಂಬತ್ತು ಸಿಕ್ಕಿದ್ರೆ ಆಯ್ತು ಅಂದನಂತೆ.

ನಗಬೇಡ ನೀನು. ಅವಳೂ ನಗಲಿಲ್ಲ.

ಆಮೇಲೆ ಅವಳು ಏನು ಮಾಡಿದಳು ಗೊತ್ತಾ, ತವರಿಂದ ತಂದಿದ್ದ ಆ ಕುಂಟುಮರೀನ ಪಕ್ಕದ ಮನೆಯೋರಿಗೆ ಪಾಲಿಗೆ ಬಿಟ್ಟಳಂತೆ. ಪಾಲು ಅಂದ್ರೆ, ಕುರಿ ನಂದು, ಮೇಯ್ಸೋದು ನೀನು, ಹುಟ್ಟಿದ ಮರೀಲಿ ಒಂದು ನಿಂಗೆ ಒಂದು ನಂಗೆ. ಅವಳ ಪಾಲಿಗೆ ಗಂಡುಮರಿ ಬಂದ್ರೆ ಸಂತೇಲಿ ಮಾರಿ ಉಪ್ಪು, ಮೆಣಸಿನಕಾಯಿ, ಸೀರೆ ತರೋಳಂತೆ. ಹೆಣ್ಣುಮರಿ ಬಂದ್ರೆ ಎಡಗಿವಿಗೆ ಸಣ್ಣದೊಂದು ಕಚ್ಚು ಹಾಕಿ, ಅದನ್ನ ಇನ್ನೊಬ್ಬರ ಮನೆಗೆ ಪಾಲಿಗೆ ಬಿಡೋಳಂತೆ. ಹೆಣ್ಣುಮರಿ ಮಾತ್ರ ಸತ್ತರೂ ಮಾರೋದಿಲ್ಲ ಅಂತ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡಿದ್ದಳಂತೆ. ಒಬ್ಬರ ಮನೇಲೇ ಎಲ್ಲಾನೂ ಬಿಡ್ತಿರಲಿಲ್ಲ, ಒಂದು ಆ ಓಣಿ, ಒಂದು ಈ ಓಣಿ, ಒಂದು ಹಳ್ಳದ ಆಚೆ. ಮೇಯ್ಸೋದು ಬೇರೆಯೋರು ಅಂತ ಇವಳು ಕಾಲು ಚಾಚಿ ಕೂತಳು ಅಂದ್ಕೊಂಡ್ಯಾ? ಬೆಳಿಗ್ಗೆ ಎದ್ದು ಒಂದೊಂದು ದೊಡ್ಡಿಗೂ ಹೋಗಿ ಗೊರಸು ನೋಡೋಳು, ಹುಳ ಬಿದ್ದಿದ್ರೆ ತೊಳೆಯೋಳು, ಈಯೋ ಕುರಿ ಹತ್ರ ಕೂರೋಳು, ಮನೆಗೆ ಬಂದು ಉಣ್ಣೆ ನೂಲೋಳು.

ಹೀಗೇ ಒಂದು ನಾಲ್ಕಾಯ್ತು, ನಾಲ್ಕು ಹತ್ತಾಯ್ತು. ಆಗ ಬಂತು ನೋಡು ಮೊದಲನೇ ಸಂಕಟ. ಅಣ್ಣ ಚಿತ್ರಯ್ಯ ತನ್ನ ಪಾಲಿನ ಹಿಂಡಲ್ಲಿ ಅರ್ಧ ಮಾರಿ ಹೆಂಡತಿಗೆ ಬೆಳ್ಳಿ ಡಾಬು ಮಾಡಿಸಿದನಂತೆ, ಅವಳು ಅದನ್ನ ಸೊಂಟಕ್ಕೆ ಕಟ್ಕೊಂಡು ನೀರಿಗೆ ಬರೋಳು, ಬೊಮ್ಮಕ್ಕನ ಬರೀ ಸೊಂಟ ನೋಡಿ, ಏನ್ ನಾದಿನಿ, ಕುರಿ ಕಿವಿಗೆ ಕಚ್ಚು ಹಾಕೋದೇ ಆಯ್ತು, ನಿನ್ನ ಕಿವಿಗೆ ಒಂದು ಓಲೆ ಬೇಡ್ವಾ ಅನ್ನೋಳಂತೆ. ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಗೋರಂತೆ. ಜಿಪುಣಿ ಬೊಮ್ಮಿ ಅಂತ ಹೆಸರೇ ಬಿತ್ತಂತೆ. ಅವಳಿಗೆ ಆಸೆ ಇರಲಿಲ್ವಾ? ಇತ್ತು ಪುಟ್ಟಿ, ಮನೆಗೆ ಬಂದು ಖಾಲಿ ಕಿವಿ ಮುಟ್ಟಿ ಮುಟ್ಟಿ ನೋಡ್ಕೊಂಡಳಂತೆ. ಆದ್ರೆ ಹೆಣ್ಣುಮರಿ ಮಾರಲಿಲ್ಲ.

ಆಮೇಲೆ ಎರಡನೇದು. ಹಿಂಡು ನೂರು ದಾಟಿದ ವರ್ಷ ಕುರಿಗಳಿಗೆ ದೊಡ್ಡ ಬೇನೆ ಬಂತಂತೆ. ಬೆಳಿಗ್ಗೆ ಮೇಯೋಕೆ ಹೋದದ್ದು ಸಂಜೆ ನೊರೆ ಕಾರಿ ಬೀಳ್ತಿತ್ತಂತೆ. ಬೊಮ್ಮಕ್ಕನ ಕುರೀಲಿ ಅರ್ಧಕ್ಕರ್ಧ ಹೋಯ್ತು. ಸಂತೆ ವ್ಯಾಪಾರಿಗಳು ಹಟ್ಟಿ ಬಾಗಿಲಿಗೇ ಬಂದು ನಿಂತು, ಉಳಿದದ್ದೂ ಸಾಯುತ್ತೆ, ಈಗಲೇ ಕೊಡಿ, ಸಿಕ್ಕಷ್ಟು ಸಿಗಲಿ ಅಂತ ಹೆದರಿಸಿದರಂತೆ. ಚಿತ್ರಯ್ಯ ಒಂದು ಸೇರು ಹುರುಳಿಗೆ ಒಂದು ಕುರಿ ಅನ್ನೋ ಹಂಗೆ ಉಳಿದದ್ದೆಲ್ಲ ಮಾರಿ ಕೈ ತೊಳ್ಕೊಂಡನಂತೆ. ಬೊಮ್ಮಿ, ಹುಚ್ಚಿ ಹಂಗೆ ಆಡಬೇಡ, ನೀನೂ ಮಾರು ಅಂದನಂತೆ. ಆವತ್ತು ಗುಂಡಯ್ಯನೂ ಮಗ್ಗ ಬಿಟ್ಟು ಎದ್ದು ಬಂದು, ಮಾರಿಬಿಡೋಣ ಕಣೇ, ನಂಗೆ ಭಯ ಆಗ್ತಿದೆ ಅಂದನಂತೆ. ಬೊಮ್ಮಕ್ಕ, ನಂಗೂ ಭಯ ಆಗ್ತಿದೆ, ಅದಕ್ಕೇ ಇವತ್ತು ಮಾರಲ್ಲ, ಭಯ ಹೋದ ದಿನ ಬೇಕಾದ್ರೆ ಯೋಚನೆ ಮಾಡೋಣ ಅಂದಳಂತೆ. ಬೇನೆ ಬಿಟ್ಟಿತು. ಉಳಿದ ಕುರಿ ಮುಂದಿನ ಸುಗ್ಗಿಗೆ ಮರಿ ಹಾಕಿದವು. ಊರಲ್ಲಿ ಅರ್ಧ ಜನ ಕುರಿ ಇಲ್ಲದೆ ಕೂತಿದ್ದರಲ್ಲ, ಪಾಲಿಗೆ ಕೊಡು ಬೊಮ್ಮಕ್ಕ ಅಂತ ಅವಳ ಬಾಗಿಲಿಗೇ ಬಂದರಂತೆ. ಜಿಪುಣಿ ಅಂದಿದ್ದ ಬಾಯಿಗಳೇ!

ಮೂರನೇದು ಕೇಳು. ಹಿಂಡು ನಾಲ್ಕುನೂರು ಆದಾಗ ಎಲ್ಲಿಂದಲೋ ಒಬ್ಬ ಪರ ಊರಿನವನು ಬಂದು, ನನ್ನ ಹತ್ರ ಹೊನ್ನುಕುರಿ ಇದೆ, ವರ್ಷಕ್ಕೆ ನಾಲ್ಕು ಸಲ ಈಯುತ್ತೆ, ಉಣ್ಣೆಯೇ ಬಂಗಾರದ ಬಣ್ಣ, ನಿಮ್ಮ ಹತ್ತು ಕುರಿಗೆ ನಂದು ಒಂದು ಅಂದನಂತೆ. ಕಾಟಯ್ಯ ಕುಣಿದಾಡಿಬಿಟ್ಟ. ತಂಗೀ, ನೀನು ಇಪ್ಪತ್ತು ವರ್ಷ ಆಮೆ ಹಂಗೆ ನಡೆದೆ, ನಾನು ಒಂದೇ ವರ್ಷಕ್ಕೆ ಸಾವಿರ ಮಾಡಿ ಕಂಬಳಿ ಮೇಲೆ ಕೂತ್ಕೋತೀನಿ ನೋಡ್ತಿರು ಅಂತ ಇಡೀ ಹಿಂಡು ಕೊಟ್ಟು ಹಳದಿ ಕುರಿ ಹೊಡ್ಕೊಂಡು ಬಂದನಂತೆ. ಬೊಮ್ಮಕ್ಕ ಒಂದರ ಹತ್ರ ಹೋಗಿ ಮೂಸಿ ನೋಡಿ, ಅಣ್ಣಾ, ಇದರಿಂದ ಸಾರಿನ ವಾಸನೆ ಬರ್ತಿದೆ ಅಂದಳಂತೆ. ನಿಂಗೆ ಹೊಟ್ಟೆಕಿಚ್ಚು ಅಂದನಂತೆ ಅವನು. ಆಮೇಲೆ ಮೊದಲನೇ ಮಳೆ ಬಿತ್ತು, ಅರಿಶಿನ ಎಲ್ಲ ತೊಳೆದು ಹಟ್ಟಿ ಚರಂಡಿ ತುಂಬಾ ಹಳದಿ ನೀರು ಹರೀತಂತೆ, ದೊಡ್ಡೀಲಿ ಹಲ್ಲು ಬಿದ್ದ ಮುದಿ ಕುರಿಗಳು ನಿಂತಿದ್ದವಂತೆ.

ಆಮೇಲೆ ಇನ್ನೂ ಬಹಳ ವರ್ಷ ಆಯ್ತು, ಬೊಮ್ಮಕ್ಕನ ತಲೆ ನರೀತು. ಒಂದು ವರ್ಷ ಉಣ್ಣೆ ಕತ್ತರಿಸೋ ಕಾಲಕ್ಕೆ, ಪಾಲಿನ ಮನೆಯೋರೆಲ್ಲ ಕುರಿ ತೊಳೆಯೋಕೆ ಹಳ್ಳಕ್ಕೆ ಹೊಡ್ಕೊಂಡು ಬಂದಾಗ, ಎಡಗಿವಿಯ ಕಚ್ಚು ನೋಡಿ ನೋಡಿ ಎಣಿಸಿದರೆ, ಸಾವಿರ! ಸಾವಿರದ ಮೇಲೂ ಇನ್ನೂ ಬರ್ತಾನೇ ಇದ್ದವಂತೆ. ಗುಂಡಯ್ಯ ಹಳ್ಳದ ಮರಳಲ್ಲಿ ಕುಕ್ಕರಿಸಿಬಿಟ್ಟನಂತೆ. ಬೊಮ್ಮಕ್ಕ ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಂಡಳಂತೆ.

ಊರು ಏನಂತು ಗೊತ್ತಾ? ಅದೃಷ್ಟ ಅಂತು! ನಿಂಗೆ ಅದೃಷ್ಟ ಕಣಮ್ಮ, ಕುಂಟುಮರಿ ಕಾಲ್ಗುಣ ಅಂತು! ಅದೃಷ್ಟ ಬಂದು ಹುಳ ಬಿದ್ದ ಗೊರಸು ತೊಳೀತಾ? ಅದೃಷ್ಟ ಓಲೆ ಬೇಡ ಅಂತಾ? ಇರಲಿ, ನಾನು ಕೂಗಲ್ಲ, ನಿನ್ನ ನಿದ್ದೆ ಹಾಳಾಗುತ್ತೆ.

ಆಮೇಲೆ ಎಲ್ಲ ಕಟ್ಟೆ ಹತ್ರ ಸೇರಿದರಂತೆ. ಬೊಮ್ಮಕ್ಕ ಕಟ್ಟೆ ಕೆಳಗೆ ಬಿಸಿಲಲ್ಲಿ ನಿಂತಳು. ಕಂಬಳಿ ಹಾಸಿ ಅಂತ ಯಾರೂ ಹೇಳಲೇ ಇಲ್ಲ. ಆಗ ಚಿತ್ರಯ್ಯ, ಕಾಟಯ್ಯ ಇಬ್ಬರೂ ಎದ್ದು, ಯಜಮಾನ್ರೇ, ಮೊದಲನೇ ಮರಿ ನಮ್ಮಪ್ಪನ ದೊಡ್ಡಿಯದು, ಹಂಗಾದ್ಮೇಲೆ ಅದರ ಸಂತಾನ ಎಲ್ಲ ನಮ್ಮ ಮನೆಗೆ ಸೇರಬೇಕು ಅಂದರಂತೆ. ನಾಚಿಕೆ ಅನ್ನೋದು ಒಂಚೂರಾದ್ರೂ ಇತ್ತಾ ಅವರಿಗೆ! ಯಜಮಾನ ಬೋರಯ್ಯ ಮೀಸೆ ತಿರುವಿ ಯೋಚನೆ ಮಾಡಿದನಂತೆ. ಇವಳು ಕಂಬಳಿ ಮೇಲೆ ಕೂತರೆ ಒಳ್ಳೇ ಗುಡ್ಡ ನನ್ನ ಕೈ ತಪ್ಪುತ್ತೆ, ಅದೇ ಅಣ್ಣ ತಮ್ಮ ಇಬ್ಬರೂ ಅರ್ಧರ್ಧ ಹಂಚಿಕೊಂಡರೆ ಯಾರಿಗೂ ಸಾವಿರ ಆಗಲ್ಲ, ನಾನೇ ಯಜಮಾನ. ಆಮೇಲೆ ಗಂಟಲು ಸರಿ ಮಾಡ್ಕೊಂಡು, ನ್ಯಾಯ ಸರಿ ಇದೆ, ತವರಿನ ಮರಿಯಿಂದ ಆದದ್ದು ತವರಿಗೇ ವಾಪಸ್ಸು ಅಂತ ತೀರ್ಪು ಹೇಳಿಬಿಟ್ಟನಂತೆ.

ಒಂದು ಜೀವಮಾನದ ಗಳಿಕೆ ಪುಟ್ಟಿ, ಒಂದು ಮಾತಲ್ಲಿ ಹೋಯ್ತು. ಬೊಮ್ಮಕ್ಕ ಅಲ್ಲೀವರೆಗೂ ಕಟ್ಟೆ ಮುಂದೆ ಬಾಯಿ ಬಿಟ್ಟವಳಲ್ಲ. ಆವತ್ತು ಒಂದು ಹೆಜ್ಜೆ ಮುಂದೆ ಬಂದಳಂತೆ. ಯಜಮಾನ್ರೇ, ಈ ತೀರ್ಪು ನಂಗೊಬ್ಬಳಿಗಾ, ಹಟ್ಟಿಗೆಲ್ಲಾನಾ ಅಂತ ಕೇಳಿದಳಂತೆ. ನ್ಯಾಯ ಅಂದ್ಮೇಲೆ ಎಲ್ಲರಿಗೂ ಒಂದೇ ಅಂದನಂತೆ ಅವನು, ದೊಡ್ಡದಾಗಿ ಎದೆ ಉಬ್ಬಿಸಿ.

ಹಂಗಾದ್ರೆ ನಿಮ್ಮ ಹಿಂಡಿನ ಮೂಲ ಯಾವುದು ಯಜಮಾನ್ರೇ? ಕೆಂಚಿ ಕುರಿ ಅಲ್ವಾ? ನಿಮ್ಮವ್ವ ಮದುವೆಯಾಗಿ ಬರೋವಾಗ ತವರಿಂದ ತಂದದ್ದು. ನಾನು ಸುಳ್ಳು ಹೇಳ್ತಿದ್ರೆ ಯಾರಾದ್ರೂ ಹೇಳಿ.

ಯಾರು ಹೇಳ್ತಾರೆ? ಕುರಿ ಕುಲಾನೆಲ್ಲ ಬಾಯಿಪಾಠ ಮಾಡ್ಕೊಂಡಿರೋ ಜನ ಅವರು. ಅಲ್ಲೇ ಉಣ್ಣೆ ಕತ್ತರಿಸೋಕೆ ಅಂತ ಬಂದಿದ್ದ ಯಜಮಾನನ ಸೋದರಮಾವನ ಮಗ ಕತ್ತರಿ ಕೆಳಗಿಟ್ಟು, ಪಂಚೆ ಕೊಡವಿ ಎದ್ದು ನಿಂತನಂತೆ. ಬಾವಾ, ಇವತ್ತೇ ಹೊಡ್ಕೊಂಡು ಹೋಗ್ಲಾ, ಊಟ ಮಾಡ್ಕೊಂಡು ಹೋಗ್ಲಾ ಅಂದನಂತೆ!

ಬೊಮ್ಮಕ್ಕ ಅಣ್ಣಂದಿರ ಕಡೆ ತಿರುಗಿ, ಅಣ್ಣಾ, ಅಪ್ಪನ ಹಿಂಡು ಯಾರ ಮರಿಯಿಂದ ಆದದ್ದು? ನಮ್ಮವ್ವ ತವರಿಂದ ತಂದ ಮರಿಯಿಂದ. ನನ್ನ ಸಾವಿರ ನಿಮ್ಮ ಮನೇಲಿ ಒಂದು ಗಳಿಗೆನೂ ನಿಲ್ಲಲ್ಲ, ಸೀದಾ ಹಳ್ಳದಾಚೆ ಸೋದರಮಾವನ ಮನೆಗೆ ಹೋಗುತ್ತೆ, ಹೊಡೆದು ಕೊಟ್ಟು ಬನ್ನಿ ಅಂದಳಂತೆ. ಅಷ್ಟೇ ಸಾಕು, ಕಟ್ಟೆ ಸುತ್ತ ಗಲಾಟೆ ಎದ್ದುಬಿಡ್ತು. ಏ, ನಿನ್ನ ಬಿಳಿ ಹಿಂಡು ನಮ್ಮತ್ತೆದು ಕಣೋ ಅಂತ ಒಬ್ಬ. ನಿಂದು ನಮ್ಮಜ್ಜಿದು ಅಂತ ಇನ್ನೊಬ್ಬ. ಹೆಂಗಸರು ಒಲೆ ಆರಿಸಿ ಬಂದು, ನಮ್ಮ ತವರಿಗೆ ಹೇಳಿ ಕಳಿಸ್ತೀವಿ ಇರಿ ಅಂದರಂತೆ. ಆ ಹಟ್ಟೀಲಿ ಯಾವಳೋ ಒಬ್ಬ ಹೆಣ್ಣುಮಗಳು ಸೆರಗಲ್ಲಿ ಕಟ್ಕೊಂಡು ತಂದ ಮರಿಯಿಂದ ಆಗದೆ ಇದ್ದ ಹಿಂಡು ಒಂದಾದ್ರೂ ಇರಲಿಲ್ಲವಂತೆ. ಇಷ್ಟು ದಿನ ಯಾರೂ ಅದನ್ನ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಯಜಮಾನನ ಮೀಸೆ ಇಳಿದುಹೋಯ್ತು. ಕೈ ಎತ್ತಿ, ಸಾಕು ಸಾಕು, ತೀರ್ಪು ವಾಪಸ್ಸು, ಸಾಕಿ ಬೆಳೆಸಿದೋರದೇ ಹಿಂಡು ಅಂದನಂತೆ. ಆದ್ರೂ ಬುದ್ಧಿ ಬಿಡಬೇಕಲ್ಲ, ಕುರಿ ನಿಂದೇ ಇರಲಿ ಬೊಮ್ಮಕ್ಕ, ಕಂಬಳಿ ಮೇಲೆ ಮಾತ್ರ ಗಂಡಸರು ಕೂರೋದು ಅಂದನಂತೆ. ಬೊಮ್ಮಕ್ಕ ಕಟ್ಟೆ ಮೆಟ್ಟಿಲು ಹತ್ತುತ್ತಾನೇ, ಆ ಕಂಬಳಿ ಉಣ್ಣೆ ನೂತದ್ದು ಹೆಂಗಸರು, ಆಗ ಮೈಲಿಗೆ ಆಗ್ಲಿಲ್ಲ, ಈಗ ಆಗುತ್ತಾ, ಸರೀರಿ ಆ ಕಡೆ ಅಂದಳಂತೆ. ಗುಂಡಯ್ಯ ಓಡಿಹೋಗಿ ಪೆಟ್ಟಿಗೆಯಿಂದ ಕಂಬಳಿ ತಂದು ತಾನೇ ಹಾಸಿದನಂತೆ, ಒಂದು ಸುಕ್ಕು ಇಲ್ಲದಂಗೆ ಅಂಗೈಲಿ ಸವರಿ ಸವರಿ ಹಾಸಿದನಂತೆ. ಅವಳು ಕೂತಳಂತೆ.

 ಸಾವಿರದ ಕಂಬಳಿ ಮೇಲೆ ಕೂತೋರ ಮೊದಲನೇ ಮಾತನ್ನ ನಡೆಸಿಕೊಡಲೇಬೇಕು ಅಂತ ಆ ಹಟ್ಟೀಲಿ ಕಟ್ಟಳೆ ಇತ್ತಂತೆ. ಏನು ಕೇಳ್ತಾಳೋ, ಒಳ್ಳೇ ಗುಡ್ಡ ಕಿತ್ಕೋತಾಳೋ, ಅಣ್ಣಂದಿರನ್ನ ಹಟ್ಟಿ ಬಿಡಿಸ್ತಾಳೋ ಅಂತ ಎಲ್ಲರೂ ಕತ್ತು ಚಾಚಿ ನೋಡ್ತಿದ್ದರಂತೆ. ಬೊಮ್ಮಕ್ಕ ಒಂದೊಂದು ಮುಖಾನೂ ನೋಡಿದಳಂತೆ. ಆಮೇಲೆ ಅಂದಳಂತೆ: ಮೊದಲು ಒಂದು ಚೊಂಬು ನೀರು ಕೊಡಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದೀನಿ, ನಿಮ್ಮಲ್ಲಿ ಒಬ್ಬರಿಗಾದ್ರೂ ಕೇಳಬೇಕು ಅನ್ನಿಸ್ತಾ?

ಯಜಮಾನ ಬೋರಯ್ಯನೇ ಹೋಗಿ ನೀರು ತಂದು ಕೊಟ್ಟನಂತೆ. ಅವಳು ನಿಧಾನಕ್ಕೆ, ಗಟಗಟ ಅನ್ನದೆ, ಅವನನ್ನ ನಿಲ್ಲಿಸ್ಕೊಂಡೇ ಪೂರ್ತಿ ಕುಡಿದಳಂತೆ. ಆಮೇಲೆ ಚೊಂಬು ಅವನ ಕೈಗೇ ಕೊಟ್ಟು, ಈಗ ಗುಡ್ಡದ ಮಾತಾಡೋಣ ಅಂದಳಂತೆ. ಆವತ್ತಿಂದ ಒಳ್ಳೇ ಹುಲ್ಲು ಸರದಿ ಮೇಲೆ ಎಲ್ಲರ ಹಿಂಡಿಗೂ ಸಿಕ್ತಂತೆ, ಬೊಮ್ಮಕ್ಕ ಗುಂಡಯ್ಯ ಸುಖವಾಗಿ ಇದ್ದರಂತೆ, ಕಿವಿಗೆ ಓಲೆನೂ ಬಂತಂತೆ.

ಕತೆ ಮುಗೀತು ಪುಟ್ಟಿ. ನನ್ನ ಸಿಟ್ಟು ಇನ್ನೂ ಮುಗಿದಿಲ್ಲ, ಅದು ನಂಗಿರಲಿ, ನೀನು ಕಣ್ಣು ಮುಚ್ಚು.