ತೂಬಿನಲ್ಲಿ ಸಿಕ್ಕಿಕೊಂಡ ಗಂಗಮ್ಮ

ಭಾದ್ರಪದ ಶುದ್ಧ ತದಿಗೆ, ಸೂರ್ಯೋದಯವಾಗಿ ನಾಲ್ಕು ಗಳಿಗೆ. ಕಲಶ ತುಂಬಿಯಾಯಿತು, ದೀಪ ಹಚ್ಚಿಯಾಯಿತು. ಕೈಯಲ್ಲಿ ಅಕ್ಷತೆ ಹಿಡಿದವರು ಒಬ್ಬರ ಸೀರೆಯನ್ನು ಒಬ್ಬರು ನೋಡುವುದನ್ನು ಬಿಟ್ಟು ಕಥೆಯ ಕಡೆಗೆ ಮನಸ್ಸು ಕೊಡಬೇಕು. ಇಂಥದೇ ತದಿಗೆಯ ಇದೇ ಗಳಿಗೆಯಲ್ಲಿ ಕದಿರಾಪುರದ ರಾಣಿ ಮುದ್ದಾಜಿಯು ಬಾಗಿನದ ಬಂಡಿಗಳೊಡನೆ ಕೆರೆಯ ಏರಿಯನ್ನು ಹತ್ತಿದಳು, ಕಥೆಯು ಅಲ್ಲಿಂದ.

ಕದಿರಾಪುರದಲ್ಲಿ ಬೊಮ್ಮರಸನೆಂಬ ಅರಸನು ಧರ್ಮಕ್ಕೂ ಹೆಂಡತಿಗೂ ಅಂಜಿ ರಾಜ್ಯವಾಳುತ್ತಿದ್ದನು. ಪಟ್ಟಣಕ್ಕೆ ಹಿರಿಯರು ಕಟ್ಟಿಸಿದ ಕೆರೆಯೊಂದಿತ್ತು. ಏರಿಯ ಬುಡದಲ್ಲಿ ಕಲ್ಲಿನ ತೂಬು. ಆ ತೂಬಿನಿಂದ ಹೊರಟ ಕಾಲುವೆಯ ನೀರನ್ನು ನಂಬಿ ಹೊಸಗದ್ದೆಯೆಂಬ ಊರು ಬತ್ತ ಬೆಳೆಯುತ್ತಿತ್ತು. ಆ ಊರಿನ ನಾಡಗೌಡನಿಗೆ ಅರಸನ ತಂಗಿ ನೀಲಾಜಿಯನ್ನು ಕೊಟ್ಟಿದ್ದರು.

ಮುದ್ದಾಜಿಯ ಅತ್ತೆಯ ಕಾಲದಲ್ಲಿ ತದಿಗೆಯ ಕಟ್ಟಳೆಯು ಸರಳವಾಗಿತ್ತು. ಅರಮನೆಯ ಹಿರಿಯ ಸೊಸೆಯು ಕೆರೆಯಂಚಿನ ಹೂಳನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ದಡಕ್ಕೆ ಹಾಕುವಳು; ಊರ ಹೆಂಗಸರು ಅವಳ ಹಿಂದೆ ತಲೆಗೊಂದು ಬುಟ್ಟಿ ಹೊರುವರು; ಆಮೇಲೆ ಕೈತೊಳೆದು, ಒಂದು ಜೊತೆ ಮರದ ಬಾಗಿನವನ್ನು ಕೆಳಗಿನೂರಿನ ಮುತ್ತೈದೆಗೆ ಕೊಟ್ಟು ಊಟಕ್ಕೆ ಏಳುವರು. ಅತ್ತೆಯು ಕಾಲವಾಗಿ ಮುದ್ದಾಜಿಗೆ ಪಟ್ಟವಾದ ಮೇಲೆ ಅವಳು ಈ ಕಟ್ಟಳೆಯನ್ನು ತೂಗಿ ನೋಡಿದಳು. ಕಿರೀಟವಿಡುವ ತಲೆಯ ಮೇಲೆ ಕೆಸರಿನ ಬುಟ್ಟಿ. ಅದಾದ ಮೇಲೆ ಕೆಳಗಿನೂರಿನ ಮುತ್ತೈದೆಯೆಂದು ಬಂದು ಕೂರುವವಳು ನಾದಿನಿ ನೀಲಾಜಿ. ಎರಡೂ ಅವಳಿಗೆ ಒಗ್ಗಲಿಲ್ಲ. “ಕೊಡುವುದಿದ್ದರೆ ಗಂಗಮ್ಮನಿಗೇ ಕೊಡೋಣ, ನಡುವೆ ನಾದಿನಿ ಯಾಕೆ?” ಎಂದು ಹೇಳಿ, ಹೂಳಿನ ಬುಟ್ಟಿಯನ್ನು ಕೊಟ್ಟಿಗೆಗೆ ಕಳುಹಿಸಿ, ಬಾಗಿನವನ್ನು ನೇರವಾಗಿ ಕೆರೆಗೇ ಬಿಟ್ಟಳು.

ನೀಲಾಜಿಯು ಇದನ್ನು ಕೇಳಿ ಸುಮ್ಮನಿರುವ ಹೆಣ್ಣಲ್ಲ. ತನಗೆ ಬಾರದ ಬಾಗಿನಕ್ಕಿಂತ ಒಂದು ಸೀರೆ ಹೆಚ್ಚಿಗೆ ಕಟ್ಟಿಸಿ ತಾನೂ ಕೆರೆಗೆ ತಂದು ಬಿಟ್ಟಳು. ಅದನ್ನು ಕೇಳಿದ ಮುದ್ದಾಜಿಯು ಮುಂದಿನ ವರ್ಷ ಸೀರೆಗಳ ಜೊತೆಗೆ ಬಳೆಯ ಮಲಾರಗಳನ್ನೂ ತೆಂಗಿನಕಾಯಿಯ ಮೂಟೆಗಳನ್ನೂ ಬಿಟ್ಟಳು. ಹೀಗೆ ಅತ್ತಿಗೆ ನಾದಿನಿಯರ ಭಕ್ತಿಯು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿ, ಮೊದಲಿಗೆ ಹೇಳಿದ ಆ ತದಿಗೆಯಂದು ನೀಲಾಜಿಯು ಗಂಗಮ್ಮನಿಗೆ ಚಳಿಯಾದೀತೆಂದು ಕಂಬಳಿಗಳನ್ನು ಬಿಡಲು, ಮುದ್ದಾಜಿಯು ಮಧ್ಯಾಹ್ನದೊಳಗೆ ಹತ್ತಿಯ ಹಾಸಿಗೆಯನ್ನೂ ಎರಡು ದಿಂಬುಗಳನ್ನೂ ತರಿಸಿ ಬಿಟ್ಟಳು. ಪುರೋಹಿತ ಸಿಂಗಾಭಟ್ಟನು ಹಾಸಿಗೆಗೆ ಮಂತ್ರ ಯಾವುದೆಂದು ತಿಳಿಯದೆ ಮದುವೆಯ ಮಂತ್ರವನ್ನೇ ಹೇಳಿದನು.

ಹಾಸಿಗೆಯು ನೀರು ಕುಡಿದು ಉಬ್ಬಿ, ತೂಬಿನ ಬಾಯಿಗೆ ಹೋಗಿ ಕುಳಿತಿತು. ಕಂಬಳಿಗಳು ಅದನ್ನು ಅಪ್ಪಿದವು, ಸೀರೆಗಳು ಕಂಬಳಿಗಳನ್ನು ಸುತ್ತಿದವು, ಎತ್ತದೆ ಬಿಟ್ಟ ಹೂಳು ಎಲ್ಲದರ ಮೇಲೂ ಕೂತು ಗಾರೆಯಂತೆ ಮೆತ್ತಿತು. ಕೆರೆಯೋ ತುಂಬಿ ತುಳುಕಿ ಕೋಡಿ ಬಿದ್ದು, ನೀರೆಲ್ಲ ಹಳ್ಳದ ಪಾಲಾಗುತ್ತಿತ್ತು. ಕಾಲುವೆಯಲ್ಲಿ ಮಾತ್ರ ಕಪ್ಪೆಗೂ ಮೀಯಲು ನೀರಿಲ್ಲ. ಸಿಂಗಾಭಟ್ಟನು ಬೆರಳು ಮಡಿಸಿ ಎಣಿಸಿ, “ತಾಯಿಗೆ ಇಲ್ಲಿಯ ಉಪಚಾರ ಹಿತವಾಗಿದೆ, ಕೆಳಗೆ ಹೋಗಲು ಮನಸ್ಸಿಲ್ಲ” ಎಂದು ವಿವರಿಸಿದನು. ರಾಣಿಯು ಸಂತೋಷಪಟ್ಟು ಪ್ರತಿ ಶುಕ್ರವಾರವೂ ಇನ್ನೊಂದು ಬಾಗಿನವನ್ನು ಬಿಡತೊಡಗಿದಳು.

ಆಶ್ವಯುಜ ಬಂದಿತು. ಹೊಸಗದ್ದೆಯ ಬತ್ತವು ಹೊಡೆಗಟ್ಟಿ ನಿಂತಿತ್ತು. ಆಗ ನೀರು ಸಿಕ್ಕರೆ ಅನ್ನ, ಸಿಗದಿದ್ದರೆ ಬರಿಯ ಹುಲ್ಲು. ಊರಿನವರು ಗುಳೆ ಹೋಗಲು ಗಂಟು ಕಟ್ಟುತ್ತಿರುವುದನ್ನು ಕಂಡು ನೀಲಾಜಿಯು ತನ್ನ ಬಿಂಕವನ್ನು ಮನೆಯಲ್ಲೇ ಬಿಟ್ಟು ಅರಮನೆಗೆ ಬಂದಳು.

“ಅತ್ತಿಗೆ, ಗದ್ದೆ ಬಿರಿದಿದೆ. ಇನ್ನೊಂದು ವಾರ ಹೋದರೆ ನಮ್ಮೂರಲ್ಲಿ ಒಲೆ ಹಚ್ಚುವವರು ಇರುವುದಿಲ್ಲ” ಎಂದಳು.

“ಕೊಟ್ಟ ಬಾಗಿನ ಹೇಗೋ ಬರುವ ನೀರೂ ಹಾಗೇ, ನೀಲಾಜಿ” ಎಂದಳು ಮುದ್ದಾಜಿ.

ಬಿಂಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೂ ನಾಲಿಗೆಯನ್ನು ನೀಲಾಜಿ ಜೊತೆಗೇ ತಂದಿದ್ದಳು. “ನನ್ನ ಸೀರೆಯ ಜರಿ ನಿಮ್ಮದಕ್ಕಿಂತ ಒಂದು ಬೆರಳು ಅಗಲ. ನಂಬಿಕೆ ಇಲ್ಲದಿದ್ದರೆ ಮುಳುಗಿ ನೋಡಿ” ಎಂದು ಹೇಳಿ, ಹೊರಗಿನ ಜಗಲಿಯ ಮೇಲೆ ಹೋಗಿ ಕುಳಿತಳು.

ಗದ್ದೆಯ ಮಾತು ರಾಣಿಯ ಕಿವಿಯ ಹೊರಗೇ ನಿಂತಿತು, ಜರಿಯ ಮಾತು ಎದೆಯೊಳಗೆ ಹೊಕ್ಕಿತು. ಮುದ್ದಾಜಿಯ ತವರು ಹೊಳೆಯ ದಂಡೆ. ಈಜು ಅವಳಿಗೆ ನಡಿಗೆಗಿಂತ ಮೊದಲು ಬಂದಿತ್ತು. ನಡುಹಗಲಿನಲ್ಲಿ, ಜನ ಉಣ್ಣಲು ಹೋದ ವೇಳೆ ನೋಡಿ, ಒಬ್ಬಳೇ ಕೆರೆಗೆ ಹೋಗಿ ಸೆರಗು ಬಿಗಿದು ನೀರಿಗಿಳಿದಳು.

ತೂಬಿನ ಕಂಬದ ಬಳಿಗೆ ಬರುವಾಗ ಅಲ್ಲಿ ಒಬ್ಬ ಮುತ್ತೈದೆಯು ಕುಳಿತಿದ್ದಳು. ಸೀರೆಯ ಮೇಲೆ ಸೀರೆ ಸುತ್ತಿಕೊಂಡು ಕುಂಬಳಕಾಯಿಯಂತಾಗಿದ್ದಳು. ಮೊಣಕೈ ಮಡಿಸಲಾಗದಷ್ಟು ಬಳೆ. ಕಣ್ಣು ಕಾಣದಷ್ಟು ಕುಂಕುಮ. ಅವಳನ್ನು ನೋಡಿ ರಾಣಿಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು, ಆಮೇಲೆ ಬಂದದ್ದು ಅನುಮಾನ, ಕಡೆಯಲ್ಲಿ ಬಂದದ್ದು ಭಕ್ತಿ.

“ತಾಯಿ, ಇಲ್ಲೇ ನೆಲೆಸಿದೆಯಾ?” ಎಂದು ಕೈಮುಗಿದಳು.

“ನೆಲೆಸಲಿಲ್ಲ ಮಗಳೇ, ಸಿಕ್ಕಿಕೊಂಡೆ” ಎಂದಳು ಗಂಗಮ್ಮ. “ಈ ಬಾಗಿಲೋ ಒಂದು ಮೊಳ. ಇಷ್ಟೆಲ್ಲ ಉಟ್ಟುಕೊಂಡು ನೀನಾದರೆ ಹೊಸ್ತಿಲು ದಾಟುತ್ತೀಯಾ? ಕೆಳಗೆ ಮಕ್ಕಳು ಬಾಯಾರಿ ಕೂಗುತ್ತಿದ್ದಾರೆ, ಎದ್ದು ಹೋಗೋಣವೆಂದರೆ ಮೇಲಿನಿಂದ ಇನ್ನೊಂದು ದಿಂಬು ಬರುತ್ತದೆ. ನಿನ್ನ ಅತ್ತೆ ನನ್ನ ಮೈಮೇಲಿನ ಕೊಳೆ ತೆಗೆಯುತ್ತಿದ್ದಳು. ನೀನು ನನ್ನನ್ನೇ ಪೆಟ್ಟಿಗೆ ಮಾಡಿಕೊಂಡೆಯಲ್ಲ.”

ಮುದ್ದಾಜಿಗೆ ನಾಚಿಕೆಯಾಯಿತು. ಊಳಿಗದವರನ್ನು ಕರೆಸಿ ಈಗಲೇ ತೆಗೆಸುವೆನೆಂದಳು. ಗಂಗಮ್ಮನು, “ಉಡಿಸಿದ ಕೈಯೇ ಬಿಚ್ಚಬೇಕು. ನಿನ್ನದೂ ನಿನ್ನ ನಾದಿನಿಯದೂ ಗಂಟುಬಿದ್ದಿವೆ, ಒಬ್ಬಳು ಎಳೆದರೆ ಇನ್ನೂ ಬಿಗಿಯುತ್ತದೆ” ಎಂದು ನುಡಿದು, ನೀರಿನಲ್ಲಿ ನೀರಾದಳು.

ಮುದ್ದಾಜಿಯು ಮುಳುಗಿ ಎಳೆದಳು, ಗಂಟು ಬಿಗಿಯಿತು. ಮತ್ತೆ ಎಳೆದಳು, ಮತ್ತೂ ಬಿಗಿಯಿತು. ನಾದಿನಿಯನ್ನು ಕರೆಯುವುದಕ್ಕಿಂತ ಬರಗಾಲವೇ ಮೇಲೆಂದು ಒಂದು ಗಳಿಗೆ ಕಂಬಕ್ಕೆ ಒರಗಿ ಯೋಚಿಸಿದಳು. ಅಲ್ಲಿಂದ ಏರಿಯ ಮೇಲೇರಿ ನೋಡಿದರೆ ಹೊಸಗದ್ದೆಯ ಪೈರು ಹಳದಿಗೆ ತಿರುಗಿತ್ತು, ಊರಿನ ದಾರಿಯಲ್ಲಿ ಗಂಟು ಹೇರಿದ ಬಂಡಿಯೊಂದು ಹೊರಟು ನಿಂತಿತ್ತು. ಬಂಡಿಯ ಹಿಂದೆ ಮುದುಕಿಯೊಬ್ಬಳು ಬೀಸುವ ಕಲ್ಲನ್ನು ಕಟ್ಟಿಸುತ್ತಿದ್ದಳು. ಬೀಸುವ ಕಲ್ಲನ್ನು ಒಯ್ಯುವವರು ತಿರುಗಿ ಬರುವವರಲ್ಲವೆಂಬುದು ರಾಣಿಗೂ ಗೊತ್ತಿತ್ತು. ಒದ್ದೆ ಸೀರೆಯಲ್ಲಿಯೇ, ಎಲ್ಲರೂ ನೋಡುತ್ತಿರಲು, ಪೇಟೆಯ ಬೀದಿಯಲ್ಲಿ ನಡೆದು ಅರಮನೆಯ ಜಗಲಿಗೆ ಬಂದು, “ನೀಲಾಜಿ, ನನ್ನ ತಪ್ಪು. ಒಬ್ಬಳಿಂದ ಆಗುವುದಿಲ್ಲ, ಬಾ” ಎಂದಳು.

ನೀಲಾಜಿಯು ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಜರಿ ಅಳೆದಿರಾ?” ಎಂದಳು. ಆದರೂ ಎದ್ದಳು.

ನೀಲಾಜಿಯೂ ಅದೇ ಕೆರೆಯಲ್ಲಿ ಈಜಿ ಬೆಳೆದವಳು; ಇಬ್ಬರೂ ನೀರಿಗಿಳಿದರು. ಒಬ್ಬಳು ಹಿಡಿದರೆ ಒಬ್ಬಳು ಸಡಿಲಿಸಿದಳು. ಸೀರೆಗಳು ಬಂದವು, ಕಂಬಳಿಗಳು ಬಂದವು. ಜರಿಯೆಲ್ಲ ಕೆಸರು ಹಿಡಿದು ಯಾವುದು ಯಾರದೆಂದು ಗುರುತೇ ಸಿಗಲಿಲ್ಲ. ಹಾಸಿಗೆಗೆ ಹಗ್ಗ ಬಿಗಿದು ಕೊಟ್ಟಾಗ, ದಡದಲ್ಲಿ ನೆರೆದ ಹೆಂಗಸರೂ ಸಿಂಗಾಭಟ್ಟನೂ ಸೇರಿ ಜಗ್ಗಿದರು. ಬೊಮ್ಮರಸನು ಊಟ ಮುಗಿಸಿ ಬಂದು ಏಕೆಂದು ಕೇಳದೆ ತಾನೂ ಹಗ್ಗ ಹಿಡಿದನು; ಅವನ ರಾಜ್ಯಭಾರದ ಕ್ರಮವೇ ಅದು. ಹಾಸಿಗೆಯು ಎಮ್ಮೆಯಂತೆ ಎದ್ದು ಬಂದುದೇ ತಡ, ಹಿಡಿದವರೆಲ್ಲ ಮಗುಚಿ ಬಿದ್ದರು, ತೂಬು ಗುಡುಗಿತು, ಕಾಲುವೆಯಲ್ಲಿ ನೀರು ನೊರೆಗಟ್ಟಿ ಓಡಿತು. ಸಂಜೆಗೆ ಹೊಸಗದ್ದೆಯ ಬಿರುಕುಗಳು ಮುಚ್ಚಿದವು. ಬಂಡಿಯ ಗಂಟುಗಳನ್ನು ಇಳಿಸಿದರು. ವಾರ ಕಳೆಯುವುದರಲ್ಲಿ ತೆನೆ ಹೊರಬಿದ್ದು, ಆ ವರ್ಷ ಕಣ ಸಾಲದಷ್ಟು ಬತ್ತವಾಯಿತು. ಕೆರೆಯಿಂದ ಬಂದ ಸೀರೆ ಕಂಬಳಿಗಳನ್ನು ಒಗೆಸಿ ಉಡುವವರಿಗೆ, ಹೊದೆಯುವವರಿಗೆ ಹಂಚಿದರು.

ಆದುದರಿಂದ ಈ ವ್ರತವನ್ನು ಹಿಡಿದವರು ನೀರಿಗೆ ಏನನ್ನೂ ಹಾಕಬಾರದು. ನೀರಿನಿಂದ ಒಂದು ಬುಟ್ಟಿ ಹೂಳನ್ನಾದರೂ ತೆಗೆಯಬೇಕು. ಬಾಗಿನವನ್ನು ತಮಗಿಂತ ಕೆಳಗೆ ಅದೇ ನೀರನ್ನು ಕುಡಿಯುವ ಮನೆಯವರಿಗೆ ಕೊಡಬೇಕು. ಅವರು ನಾದಿನಿಯರಾಗಿದ್ದರೂ ಕೊಡಬೇಕು. ಹೀಗೆ ನಡೆದವರ ಬಾವಿ ಬತ್ತದು, ಕಾಲುವೆ ಕಟ್ಟದು, ನೆಂಟಸ್ತಿಕೆ ಹಳಸದು. ಈ ಕಥೆಯನ್ನು ಓದಿದವರಿಗೂ, ನಿದ್ದೆಹೋಗದೆ ಕೇಳಿದವರಿಗೂ, ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿದವರಿಗೂ ಗಂಗಮ್ಮನು ಮುದ್ದಾಜಿ ನೀಲಾಜಿಯರಿಗೆ ಒಲಿದಂತೆಯೇ ಒಲಿಯುವಳು.

ಮುದ್ದಾಜಿಯಾದರೋ, ನೀರು ಹರಿದ ಆ ಸಂಜೆಯೇ, ಸುಗ್ಗಿಯಾದ ಕೂಡಲೆ ಪಲ್ಲಕ್ಕಿಯಿಲ್ಲದೆ ಕಾಲುವೆಯ ಬದುವಿನ ಮೇಲೆ ನಡೆದು ಹೊಸಗದ್ದೆಗೆ ಹೋಗುವುದೆಂದೂ, ಅಲ್ಲಿ ಕೇಳಬೇಕಾದ ಮಾತುಗಳನ್ನೆಲ್ಲ ಕೇಳಿಸಿಕೊಂಡು ನಾದಿನಿ ಬಡಿಸಿದ ಹೊಸಕ್ಕಿಯ ಅನ್ನವನ್ನು ಉಣ್ಣುವುದೆಂದೂ ನಿಶ್ಚಯಿಸಿದಳು.