ಕಂಬದ ಬಿಳಿ ಬಟ್ಟೆ

"ಗುರುಗಳೇ, ಹೊಗೆ ಮಿತಿ ಮೀರಬಾರದೆಂದು ನಿಯಮವಿದೆ, ಅದನ್ನು ನೋಡಲು ಅಧಿಕಾರಿಯೂ ಇದ್ದಾನೆ. ಆದರೂ ಊರು ಕೆಮ್ಮುವುದು ನಿಲ್ಲಲಿಲ್ಲವಲ್ಲ, ಏಕೆ?" ಎಂದು ಶಿಷ್ಯ ಬಸವಂತ ಕೇಳಿದ. ಇಟ್ಟಿಗೆ ಗೂಡುಗಳ ಮಸಿ ದಿನವೂ ಮಠದ ಜಗಲಿಯ ಮೇಲೆ ಕೂರುತ್ತಿತ್ತು. ಅಂದು ಅಧಿಕಾರಿ ಬರುವ ದಿನವೆಂದು ಅವನು ಬೆಳಗಿನಿಂದ ಅದನ್ನು ಉಜ್ಜಿ ಒರೆಸುತ್ತಿದ್ದ. ಅರಿವೆ ಇನ್ನೂ ಕೈಯಲ್ಲೇ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಸುಣ್ಣದ ಗೂಡುಗಳಿದ್ದ ಒಂದೂರು. ಅಲ್ಲಿನ ಅರಸ ಒಂದು ಕಟ್ಟಳೆ ಮಾಡಿದ್ದ. ಗೂಡುಗಳಿಗೂ ಮನೆಗಳಿಗೂ ನಡುವೆ ಒಂದು ಕಂಬ, ಕಂಬಕ್ಕೊಂದು ಬಿಳಿ ಬಟ್ಟೆ. ಪ್ರತಿ ಹುಣ್ಣಿಮೆಗೆ ಅಧಿಕಾರಿ ಬಂದು ನೋಡಬೇಕು. ಬಟ್ಟೆ ಕಪ್ಪಾಗಿದ್ದರೆ, ಗೂಡು ಸರಿಪಡಿಸುವವರೆಗೆ ಬೆಂಕಿ ಆರಿಸಬೇಕು.

ಕಟ್ಟಳೆಯೇನೋ ಚೆನ್ನಾಗಿಯೇ ಇತ್ತು. ಆದರೆ ಅರಸ ಚಾಪೆ ಕೆಳಗೆ ತೂರಿದರೆ ಗೂಡಿನ ಯಜಮಾನ ರಂಗೋಲಿ ಕೆಳಗೆ ತೂರುವವನು. ಅವನು ಒಬ್ಬ ಅಗಸಗಿತ್ತಿಯನ್ನು ಕರೆದು, "ಹುಣ್ಣಿಮೆ ಹಿಂದಿನ ದಿನ ಈ ಕಂಬದ ಬಟ್ಟೆಯನ್ನೂ ಒಗೆದು ಕಟ್ಟು. ಅಧಿಕಾರಿ ಎದುರು ಕೊಳೆ ಬಟ್ಟೆ ತೂಗಿದ್ರೆ ಹೆಸರು ಕೆಡೋದು ನಿಂದೇ" ಎಂದ. ಅವಳಿಗೂ ಹೌದೆನಿಸಿತು. ತಾನಿರುವ ಊರಲ್ಲಿ ಕೊಳೆ ಬಟ್ಟೆಯೊಂದು ಎಲ್ಲರ ಕಣ್ಣಿಗೆ ಬೀಳುವುದು ತನ್ನ ಕೈಗೇ ಅವಮಾನ ಎಂದುಕೊಂಡಳು. ಸವಳು ಮಣ್ಣು ಹಚ್ಚಿ, ಉಬ್ಬೆಯ ಹಬೆಗೆ ಹಾಕಿ, ಬೆಳ್ಳಗೆ ಒಗೆದು ಕಟ್ಟಿದಳು. ಮೂರು ವರ್ಷ ಹಾಗೇ ನಡೆಯಿತು. ಗೂಡು ಒಂದು ದಿನವೂ ಆರಲಿಲ್ಲ.

ಅವಳ ಮಗಳಿಗೆ ಉಬ್ಬಸ ಹತ್ತಿತು. ನಾಲ್ಕು ಹೆಜ್ಜೆ ನಡೆದರೆ ಕೂತುಬಿಡುತ್ತಿದ್ದಳು. ಇನ್ನೊಂದು ಚಳಿಗಾಲ ಈ ಹೊಗೆ ಕುಡಿದರೆ ಹುಡುಗಿ ಉಳಿಯುವುದಿಲ್ಲ ಎಂದ ವೈದ್ಯ. ಹುಣ್ಣಿಮೆಗೆ ಅಧಿಕಾರಿ ಬಂದಾಗ ಅಗಸಗಿತ್ತಿ ಅವನ ಬಳಿಗೆ ಓಡಿದಳು. ಅವನು ಕಂಬದತ್ತ ಕೈ ತೋರಿಸಿ, "ಹೊಗೆ ಎಲ್ಲಿದೆಯಮ್ಮ? ಬಟ್ಟೆ ನೋಡು, ಮಲ್ಲಿಗೆ ಹಾಗಿದೆ" ಎಂದ.

ಅವಳು ನೋಡಿದಳು. ತನ್ನದೇ ಒಗೆತ. ಮಗಳ ಪರವಾಗಿ ಊರಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ಮೂರು ವರ್ಷ ತನ್ನ ಕೈಯಾರೆ ತೊಳೆದು ಹಾಕಿದ್ದಳು.

ಮುಂದಿನ ಹುಣ್ಣಿಮೆಗೆ ಅವಳು ಬಟ್ಟೆ ಒಗೆಯಲಿಲ್ಲ. ಯಜಮಾನ ಬಂದು, "ನಾಳೆಯಿಂದ ಊರಲ್ಲಿ ಒಬ್ಬರೂ ನಿನಗೆ ಬಟ್ಟೆ ಹಾಕದ ಹಾಗೆ ಮಾಡ್ತೀನಿ" ಎಂದ.

"ಮಾಡ್ಕೊಳ್ಳಿ. ಊರ ಕೊಳೆಯೆಲ್ಲಾ ಒಗೀತೀನಿ, ಇದೊಂದನ್ನ ಒಗೆಯೋಲ್ಲ. ಇದು ನನ್ನ ಮಗಳ ಎದೇಲಿರೋ ಕಪ್ಪು."

ಅಧಿಕಾರಿ ಬರುವವರೆಗೂ ಅವಳು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಯಜಮಾನನ ಆಳುಗಳು ಬಟ್ಟೆ ಕೀಳಲು ಬಂದರು, ಅವಳು ಜರುಗಲಿಲ್ಲ. ಊರವರು ಬಂದು ಸೇರಿದರು. ಅಧಿಕಾರಿ ಬಟ್ಟೆ ನೋಡಿದ, ಯಜಮಾನನ ಮುಖ ನೋಡಿದ, ಸೇರಿದ್ದ ಜನರನ್ನು ನೋಡಿದ. ಹೊಗೆಯಿಲ್ಲವೆನ್ನಲು ದಾರಿಯಿರಲಿಲ್ಲ. ಅಂದು ಸಂಜೆ ಗೂಡು ಆರಿತು.

ಕತೆ ಮುಗಿಯಿತು. ಬಸವಂತ ನಿಟ್ಟುಸಿರಿಟ್ಟು, "ಅಂಥ ಎದೆಗಾರಿಕೆ ನಮ್ಮೂರಲ್ಲಿ ಯಾರಿಗಿದೆ, ಗುರುಗಳೇ?" ಎಂದ.

ಗುರುಗಳು ಹೇಳಿದರು, "ಮೊದಲು ಆ ಅರಿವೆ ಕೆಳಗಿಡು."